ಹಸಿ ಹಾಪ್, ಹೊಸ ಅಕ್ಕಿ

ಹೋದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರಿಸುತ್ತಾ, ನಾನು ಬೆಂಗಳೂರಿನ ಬಿಯರ್ ಕಾರ್ಖಾನೆಯೊಂದರ ಲ್ಯಾಬಿನಲ್ಲಿ 28 ವರ್ಷ ದುಡಿದವನು ಎಂದು ಒಂದು ಸಾಲು ಬರೆದಿದ್ದೆ. ಅದೇ ತಪ್ಪಾಯಿತು. ಈ ಸಲ ಉಡುಪಿ ಬಳಿಯ ಶಂಕರಪುರದ ನಮ್ಮ ಮನೆಗೆ ಬಂದ ಪತ್ರಗಳಲ್ಲಿ ಅರ್ಧದಷ್ಟು ಬಿಯರ್ ಬಗ್ಗೆಯೇ. ಪೋಸ್ಟ್‌ಮ್ಯಾನ್‌ಗೆ ಒಳಗಿನ ವಿಷಯ ಗೊತ್ತಿಲ್ಲ, ಪುಣ್ಯ.

ಪ್ರಶ್ನೆ: ಮಗಳು ಅಮೆರಿಕದ ಯಾಕಿಮಾದಲ್ಲಿದ್ದಾಳೆ. ಅಕ್ಟೋಬರ್ ಮೊದಲ ಶನಿವಾರ ಅಲ್ಲಿ ‘ಫ್ರೆಶ್ ಹಾಪ್’ ಬಿಯರಿನ ಹಬ್ಬವಂತೆ, ಫೋಟೊ ಕಳಿಸಿದ್ದಳು. ಹಾಪ್ ಅಂದರೆ ಎಂತ? ಅದು ಹಸಿ ಇದ್ದರೆ ಎಂತ ವಿಶೇಷ? ನಾನು ಕುಡಿಯುವವಳಲ್ಲ, ಸುಮ್ನೆ ಕುತೂಹಲ. (ಗೃಹಿಣಿ, ಕದ್ರಿ, ಮಂಗಳೂರು)

ಉತ್ತರ: ಕುಡಿಯದವರೇ ಒಳ್ಳೆಯ ಪ್ರಶ್ನೆ ಕೇಳುವುದು ಅಕ್ಕಾ. ಕುಡಿಯುವವರು ‘ಯಾವುದು ಬೇಗ ಏರುತ್ತದೆ’ ಎಂದಷ್ಟೇ ಕೇಳುತ್ತಾರೆ.

ಹಾಪ್ ಒಂದು ಬಳ್ಳಿ. ಅದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಬಿಯರಿಗೆ ಬೇಕಾದದ್ದು ಹೆಣ್ಣು ಬಳ್ಳಿಯ ಹೂ. ತಿಳಿ ಹಸಿರು ಬಣ್ಣ, ಹೆಬ್ಬೆರಳಿನ ತುದಿಯಷ್ಟು ಗಾತ್ರ, ಎಸಳಿನ ಮೇಲೆ ಎಸಳು. ಬಿಡಿಸಿ ನೋಡಿದರೆ ಬುಡದಲ್ಲಿ ಅರಿಶಿನ ಹುಡಿಯಂಥದ್ದು ಅಂಟಿಕೊಂಡಿರುತ್ತದೆ. ಅದರ ಹೆಸರು ಲುಪುಲಿನ್. ಬಿಯರಿನ ಕಹಿ, ಪರಿಮಳ ಎರಡೂ ಅದರಲ್ಲೇ ಉಂಟು. ಬಾರ್ಲಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ರಸ ಬರೀ ಸಿಹಿ. ಅದಕ್ಕೆ ಹಾಪ್ ಹಾಕಿ ಗಂಟೆ ಹೊತ್ತು ಕುದಿಸಿದರೆ ಕಹಿ ಇಳಿಯುತ್ತದೆ. ಆದರೆ ಅಷ್ಟು ಹೊತ್ತಿಗೆ ಪರಿಮಳ ಹಾರಿಹೋಗಿರುತ್ತದೆ. ಹಾಗಾಗಿ ಒಲೆ ಆರಿಸುವ ಹೊತ್ತಿಗೆ ಇನ್ನೊಮ್ಮೆ ಹಾಕುತ್ತಾರೆ. ನೀವು ಸಾರು ಇಳಿಸುವಾಗ ಕೊತ್ತಂಬರಿ ಸೊಪ್ಪು ಹಾಕುವುದಿಲ್ಲವಾ, ಹಾಗೆ.

ಈಗ ಹಸಿಯ ವಿಷಯ. ಕೊಯ್ದ ಹಾಪ್ ಹೂವಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರು. ರಾಶಿ ಹಾಕಿ ಬಿಟ್ಟರೆ ಒಳಗೇ ಬಿಸಿಯಾಗಿ ಹಾಳಾಗುತ್ತದೆ. ಅದಕ್ಕೆ ತೋಟದ ಪಕ್ಕದಲ್ಲೇ ದೊಡ್ಡ ಗೂಡುಗಳಲ್ಲಿ ಬಿಸಿಗಾಳಿ ಬಿಟ್ಟು, ನೂರಕ್ಕೆ ಹತ್ತು ಭಾಗದಷ್ಟೇ ನೀರು ಉಳಿಯುವವರೆಗೆ ಒಣಗಿಸುತ್ತಾರೆ. ನಾಲ್ಕು ಕಿಲೋ ಹಸಿ ಹೂ ಒಣಗಿದರೆ ಒಂದು ಕಿಲೋ. ಲೋಕದ ಬಿಯರೆಲ್ಲ ಹೆಚ್ಚುಕಮ್ಮಿ ಈ ಒಣ ಹಾಪಿನದ್ದೇ. ಆದರೆ ಒಣಗುವಾಗ ನೀರಿನ ಜೊತೆ ಹಗುರವಾದ ಎಣ್ಣೆಗಳೂ ಸ್ವಲ್ಪ ಹೋಗುತ್ತವೆ. ಒಣಗಿಸದೆ, ಬಳ್ಳಿಯಿಂದ ನೇರ ಹಂಡೆಗೆ ಹಾಕಿದ್ದು ಫ್ರೆಶ್ ಹಾಪ್ ಬಿಯರ್. ನಿಮ್ಮ ಮಗಳ ಊರಿನ ಹಬ್ಬದಲ್ಲಿ ಒಂದು ನಿಯಮ ಉಂಟು: ಕೊಯ್ದು 24 ಗಂಟೆಯೊಳಗೆ ಹಾಪ್ ಹಂಡೆ ಸೇರಬೇಕು.

ಶಂಕರಪುರದವನಿಗೆ ಇದು ಅರ್ಥವಾಗಲು ಕಷ್ಟವಿಲ್ಲ. ಅಮ್ಮ ಕತ್ತಲಿರುವಾಗಲೇ ಮಲ್ಲಿಗೆ ಮೊಗ್ಗು ಕೊಯ್ಯುತ್ತಿದ್ದಳು. ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ನಾಲ್ಕು ಚೆಂಡಿಗೆ ಒಂದು ಅಟ್ಟೆ ಲೆಕ್ಕ ಹಾಕಿ, ಬಿಸಿಲೇರುವ ಮೊದಲು ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ತಡವಾದರೆ ಅಷ್ಟೂ ದುಡಿಮೆ ದಂಡ. ಯಾಕಿಮಾದವರ ಓಡಾಟವೂ ಅದೇ, ಅವರದ್ದು ಲಾರಿಗಟ್ಟಲೆ. ಅಮೆರಿಕದ ಹಾಪಿನಲ್ಲಿ ಮುಕ್ಕಾಲು ಪಾಲು ಬೆಳೆಯುವುದು ಯಾಕಿಮಾ ಇರುವ ವಾಷಿಂಗ್ಟನ್ ರಾಜ್ಯದಲ್ಲಿ. ಕೊಯ್ಲು ಆಗಸ್ಟ್ ಕೊನೆಗೆ ಶುರು, ಸೆಪ್ಟೆಂಬರ್ ಪೂರ್ತಿ. ಬಿಯರ್ ಹುದುಗಿ ಸಿದ್ಧವಾಗಲು ಕೆಲವು ವಾರ. ಅಕ್ಟೋಬರಿನಲ್ಲಿ ಹಬ್ಬ ಯಾಕೆಂದು ಈಗ ಗೊತ್ತಾಯಿತಲ್ಲ? 1996ರಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಎಂಬ ಕಂಪನಿ ಯಾಕಿಮಾದಿಂದ ಹಸಿ ಹೂ ತರಿಸಿ ಬಿಯರ್ ಮಾಡಿತು. ಆಮೇಲೆ ಅಮೆರಿಕದಲ್ಲಿ ಇದು ಹಬ್ಬಿತು.

ನನ್ನ ಕತೆ ಕೇಳಿದರೆ ನಗು ಬರುತ್ತದೆ. 26 ವರ್ಷ ಹಾಪಿನ ಜೊತೆ ಬದುಕಿದ ಮೇಲೂ ಹಾಪ್ ಹೂ ನೋಡಿರಲಿಲ್ಲ! ಲ್ಯಾಬಿಗೆ ಬರುತ್ತಿದ್ದದ್ದು ಬೆಳ್ಳಿ ಬಣ್ಣದ ಪ್ಯಾಕೆಟಿನಲ್ಲಿ ಪೆಲೆಟ್, ಅಂದರೆ ಒಣ ಹಾಪನ್ನು ಪುಡಿ ಮಾಡಿ ಒತ್ತಿದ ಗುಳಿಗೆ, ಥೇಟ್ ಕೋಳಿಗೆ ಹಾಕುವ ತಿಂಡಿ. ನಿವೃತ್ತಿಗೆ ಎರಡು ವರ್ಷ ಇರುವಾಗ ಜರ್ಮನಿಯ ಹಾಲರ್ಟೌ ಪ್ರದೇಶಕ್ಕೆ ತರಬೇತಿಗೆ ಕಳಿಸಿದರು. ಸೆಪ್ಟೆಂಬರ್ ತಿಂಗಳು. ತೋಟದವನೊಬ್ಬ ಬೊಗಸೆ ತುಂಬ ಹೂ ಕೊಟ್ಟು ಅಂಗೈಯಲ್ಲಿ ತಿಕ್ಕಲು ಹೇಳಿದ. ತಿಕ್ಕಿದೆ. ಕಿತ್ತಳೆ ಸಿಪ್ಪೆ, ಆಗಷ್ಟೇ ಕೊಯ್ದ ಹುಲ್ಲು, ಸ್ವಲ್ಪ ಹಸಿ ಕಾಳುಮೆಣಸು. ಪೆಲೆಟಿನಲ್ಲಿ ಇದ್ಯಾವುದೂ ಹೀಗೆ ಮೂಗಿಗೆ ಹೊಡೆದಿರಲಿಲ್ಲ. ಕೈಯೋ, ಹಲಸಿನ ಮೇಣ ಹತ್ತಿದ ಹಾಗೆ ಅಂಟು. ತೆಂಗಿನೆಣ್ಣೆ ಅಲ್ಲಿ ಎಲ್ಲಿಂದ ಬರಬೇಕು? ಸೋಪು ಹಾಕಿ ತೊಳೆದು ಬ್ರೆಡ್ ಮುರಿದು ತಿಂದರೆ ಬ್ರೆಡ್ಡೆಲ್ಲ ಹಾಗಲಕಾಯಿ. ರಾತ್ರಿ ಊಟದವರೆಗೂ ಬೆರಳು ಕಹಿ ಇತ್ತು.

ಹಾಗಾದರೆ ಹಸಿ ಹಾಪಿನ ಬಿಯರ್ ಒಣ ಹಾಪಿನದ್ದಕ್ಕಿಂತ ಉತ್ತಮವಾ? ನನ್ನ ಕೇಳಿದರೆ, ಯಾವಾಗಲೂ ಅಲ್ಲ. ಒಣ ಹಾಪಿನ ಕಹಿ ಎಷ್ಟೆಂದು ಲ್ಯಾಬಿನಲ್ಲಿ ಅಳೆದೇ ಹಾಕುತ್ತೇವೆ. ಹಸಿಯದ್ದನ್ನು ಅಳೆಯುತ್ತಾ ಕೂರಲು ಹೊತ್ತಿಲ್ಲ. ಹಾಗಾಗಿ ತುಂಬ ಜನ ಕಹಿಗೆ ಒಣ ಹಾಪ್, ಪರಿಮಳಕ್ಕೆ ಹಸಿ ಹಾಪ್ ಎಂದು ಹಂಚಿಬಿಡುತ್ತಾರೆ. ಹಸಿ ಜಾಸ್ತಿಯಾದರೆ ದನದ ಕೊಟ್ಟಿಗೆಯ ಹುಲ್ಲಿನ ವಾಸನೆ. ನಾವು ಹೊಸ ಅಕ್ಕಿ ಊಟ ಮಾಡುತ್ತೇವಲ್ಲ, ಅದನ್ನು ನೆನಪಿಸಿಕೊಳ್ಳಿ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆ ಅಕ್ಕಿಯದ್ದೇ ಉದುರುದುರು. ಅದು ನಮಗೂ ಗೊತ್ತು. ಆದರೂ ಹೊಸ ತೆನೆ ತಂದು ಮನೆಗೆ ಕಟ್ಟಿದ ಮೇಲೆ ಮನೆಯವರೆಲ್ಲ ಕೂತು ಉಣ್ಣುವುದು ಆ ಮುದ್ದೆ ಅನ್ನವನ್ನೇ. ಯಾಕಿಮಾದ ಹಬ್ಬವೂ ಅಂಥದ್ದು. ನಿಮ್ಮ ಮಗಳಿಗೆ ಹೇಳಿ, ಕುಡಿಯುವುದಾದರೆ ಅಲ್ಲೇ, ಆಗಲೇ. ಬಾಟ್ಲಿ ಕಟ್ಟಿ ಊರಿಗೆ ತರುವುದು ಬೇಡ. ಆ ಪರಿಮಳ ಬಹಳ ದಿನ ನಿಲ್ಲುವುದಿಲ್ಲ.

ಪ್ರಶ್ನೆ: ನನ್ನದು ಎರಡು ಎಕರೆ ಅಡಿಕೆ ತೋಟ. ಅಡಿಕೆ ಮರಕ್ಕೆ ಕಾಳುಮೆಣಸಿನ ಬದಲು ಹಾಪ್ ಬಳ್ಳಿ ಹಬ್ಬಿಸಿದರೆ ಆದೀತಾ? ಒಳ್ಳೆಯ ರೇಟ್ ಉಂಟೆಂದು ಕೇಳಿದೆ. (ಕೃಷಿಕ, ಹಿರಿಯಡ್ಕ)

ಉತ್ತರ: ಬೇಡ ಮಾರಾಯ್ರೆ. ಬಳ್ಳಿ ಹಬ್ಬೀತು, ಹೂ ಸಿಕ್ಕದು.

ಹಾಪಿಗೆ ಬೇಸಿಗೆಯಲ್ಲಿ ಉದ್ದದ ಹಗಲು ಬೇಕು. ಯಾಕಿಮಾದಲ್ಲಿ ಜೂನ್ ತಿಂಗಳ ಹಗಲು ಸುಮಾರು 16 ಗಂಟೆ. ಆ ಹೊತ್ತಿನಲ್ಲಿ ಬಳ್ಳಿ 18 ಅಡಿ ಎತ್ತರದ ತಂತಿಯವರೆಗೂ ಏರುತ್ತದೆ. ಹಗಲು ಕಡಿಮೆಯಾಗತೊಡಗಿದಾಗ ಹೂ ಬಿಡುತ್ತದೆ. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಬಳ್ಳಿಗೆ ಮೋಸವಾಗಿ, ಬೆಳೆಯುವ ಮೊದಲೇ ನಾಲ್ಕು ಹೂ ಬಿಟ್ಟು ಸುಮ್ಮನಾಗುತ್ತದೆ. ಎರಡನೆಯದು ಮಳೆ. ಯಾಕಿಮಾದಲ್ಲಿ ವರ್ಷಕ್ಕೆ ಬೀಳುವುದು 200 ಮಿಲಿಮೀಟರ್ ಆಸುಪಾಸು. ನಮ್ಮಲ್ಲಿ ಜುಲೈಯ ಒಂದು ವಾರಕ್ಕೇ ಅಷ್ಟು ಸುರಿಯುವುದುಂಟು. ಹಾಪಿಗೆ ಡೌನಿ ಮಿಲ್ಡ್ಯೂ ಎಂಬ ಕಾಯಿಲೆ ಬರುತ್ತದೆ. ಅದು ನಿಮ್ಮ ಅಡಿಕೆ ಕೊಳೆರೋಗದ ದಾಯಾದಿ, ಒದ್ದೆ ಕಂಡರೆ ಎರಡೂ ಕುಣಿಯುತ್ತವೆ. ಈಗ ಇರುವ ಮರಕ್ಕೇ ಬೋರ್ಡೋ ಔಷಧಿ ಹೊಡೆಯಲು ಜನ ಸಿಕ್ಕುವುದಿಲ್ಲ, ಇನ್ನು ಇದಕ್ಕೆ ಯಾರನ್ನು ಹುಡುಕುತ್ತೀರಿ?

ಭಾರತದಲ್ಲೂ ಹಾಪ್ ಬೆಳೆದಿದ್ದಾರೆ, ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಅದು ಮಳೆ ಕಡಿಮೆ ಇರುವ ಚಳಿಯ ಜಾಗ. ನೀವು ಕಾಳುಮೆಣಸನ್ನೇ ನೋಡಿಕೊಳ್ಳಿ.

ಪ್ರಶ್ನೆ: ಹಾಪ್ ಮತ್ತು ಗಾಂಜಾ ಸಂಬಂಧಿಕರು ಎನ್ನುವುದು ನಿಜವಾ ಸರ್? (ವಿದ್ಯಾರ್ಥಿ, ಮಣಿಪಾಲ)

ಉತ್ತರ: ನಿಜ. ಎರಡೂ ಒಂದೇ ಸಸ್ಯ ಕುಟುಂಬ. ಆದರೆ ಗಾಂಜಾದ ಅಮಲು ಹಾಪಿನಲ್ಲಿಲ್ಲ. ಬಿಯರಿನ ಅಮಲು ಬರುವುದು ಮಾಲ್ಟಿನ ಸಕ್ಕರೆ ಹುದುಗಿ. ನೀವು ಪರೀಕ್ಷೆಗೆ ಓದಿ.

ಪ್ರಶ್ನೆ: ನಾವು ಗೆಳೆಯರು ಮಂಗಳೂರಿನಲ್ಲಿ ಒಂದು ‘ಫ್ರೆಶ್ ಹಾಪ್ ಹಬ್ಬ’ ಮಾಡಬೇಕೆಂದಿದ್ದೇವೆ. ಊರಿಗೆ ಮೈಕ್ರೋಬ್ರೂವರಿಗಳು ಬಂದಿವೆ, ಹಾಪ್ ವಿಮಾನದಲ್ಲಿ ತರಿಸಬಹುದಲ್ಲ? ಸಲಹೆ ಕೊಡಿ. (ಐವರು ಗೆಳೆಯರು, ಬಿಜೈ)

ಉತ್ತರ: ವಿಮಾನ ಬಂದೀತು, ಕಸ್ಟಮ್ಸಿನವರ ಸೀಲು ಬೀಳುವಷ್ಟರಲ್ಲಿ ನಿಮ್ಮ ಹಾಪ್ ಗೊಬ್ಬರ. ಪೆಲೆಟ್ ಹಾಕಿ ಬ್ಯಾನರಿನಲ್ಲಿ ‘ಫ್ರೆಶ್’ ಎಂದು ಬರೆದರೆ ನಾನೇ ಬಂದು ಜಗಳ ಮಾಡುತ್ತೇನೆ.

ಹಸಿಯದ್ದೇ ಹಬ್ಬ ಬೇಕೆಂದರೆ ನಮ್ಮಲ್ಲಿ ಕಲಿ ಇಲ್ಲವಾ? ಕನ್ನಡದಲ್ಲಿ ಶೇಂದಿ, ಕಳ್ಳು ಎನ್ನಿ. ತೆಂಗಿನ ಹೊಂಬಾಳೆಯಿಂದ ಬೆಳಿಗ್ಗೆ ಇಳಿಸಿದಾಗ ಸಿಹಿ, ಸಂಜೆಗೆ ಹುಳಿ, ಇನ್ನೂ ಬಿಟ್ಟರೆ ವಿನೆಗರ್. ಹಾಪಿಗೆ 24 ಗಂಟೆಯ ಗಡುವು, ಇದಕ್ಕೆ ಅಷ್ಟೂ ಇಲ್ಲ. ಸೆಪ್ಟೆಂಬರ್ 8ಕ್ಕೆ ಕ್ರೈಸ್ತರ ಮೊಂತಿ ಫೆಸ್ತ್, ಹೊಸ ತೆನೆಯ ಹಬ್ಬ. ಅದರ ಆಸುಪಾಸಿನ ಒಂದು ಭಾನುವಾರ ಇಟ್ಟುಕೊಳ್ಳಿ. ಶೇಂದಿ ಇಳಿಸುವ ಮೂರ್ತೆದಾರರ ಸಂಘದವರನ್ನು ಕೇಳಿ, ಅಬಕಾರಿ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಕುಡಿಯದವರಿಗೆ ಶೇಂದಿ ಹಾಕಿ ಉಬ್ಬಿಸಿದ ಸನ್ನ (ಇಡ್ಲಿಯಂಥ ಅಕ್ಕಿ ತಿಂಡಿ) ಇರಲಿ. ಈಗ ಹೆಚ್ಚಿನವರು ಯೀಸ್ಟ್ ಹಾಕಿ ಮಾಡುತ್ತಾರೆ, ಮೆತ್ತಗೇನೋ ಆಗುತ್ತದೆ, ಆ ಘಮ ಇಲ್ಲ. ನನ್ನನ್ನು ಕರೆಯುವುದಾದರೆ ಬೆಳಿಗ್ಗೆ ಎಂಟರೊಳಗೆ ಕರೆಯಿರಿ. ಹತ್ತು ಗಂಟೆಯ ಕಲಿ ನನಗೆ ಹುಳಿಯಾಗುತ್ತದೆ.