ಓದುಗರ ಪ್ರಶ್ನೆ: ‘ಎಷ್ಟು ಎಕ್ಸ್‌ಪೆಕ್ಟ್ ಮಾಡ್ತೀರಾ’ ಅಂದ್ರೆ ಏನ್ ಹೇಳ್ಲಿ?

ಈ ಸಲ ಚೌಕಾಸಿ, ರಾಜಿ, ಮಾತುಕತೆ ಬಗ್ಗೆ ಪ್ರಶ್ನೆ ಕಳ್ಸಿ ಅಂದಿದ್ದೇ ತಡ, ಎಚ್‌ಆರ್, ಬಾಸು, ಅಣ್ತಮ್ಮಂದಿರು, ಮಕ್ಕಳು ಎಲ್ರ ಮೇಲೂ ದೂರು ಬಂದಿದೆ. ಎಲ್ಲದಕ್ಕೂ ಉತ್ತರ ಕೊಡಕ್ಕೆ ಜಾಗ ಇಲ್ಲ, ಒಂದೇ ಥರದ್ದನ್ನ ಸೇರಿಸಿ ಕೆಲವನ್ನ ಆರಿಸಿದೀನಿ.

ಪ್ರಶ್ನೆ: ಅಕ್ಕಾ, ಹೊಸ ಕೆಲ್ಸಕ್ಕೆ ಇಂಟರ್‌ವ್ಯೂ ಎಲ್ಲಾ ಚೆನ್ನಾಗೇ ಆಯ್ತು, ಕೊನೇಲಿ ಎಚ್‌ಆರ್‌ನವ್ರು ‘ಎಷ್ಟು ಎಕ್ಸ್‌ಪೆಕ್ಟ್ ಮಾಡ್ತೀರಾ’ ಅಂದ್ರು. ಮೊದ್ಲು ನಂಬರ್ ಹೇಳಿದವ್ನು ಸೋತ ಅಂತ ಫ್ರೆಂಡ್ಸ್ ಹೇಳಿದ್ರು ಅಂತ ‘ಕಂಪನಿ ರೂಲ್ಸ್ ಹೆಂಗಿದ್ಯೋ ಹಂಗೆ ಕೊಡಿ’ ಅಂದ್ಬಿಟ್ಟೆ. ಇನ್ನೂ ಆಫರ್ ಲೆಟರ್ ಬಂದಿಲ್ಲ. ಈಗೇನಾದ್ರೂ ಮಾಡಬಹುದಾ? ಬೇರೆ ಕಡೆ ಆಫರ್ ಇದೆ ಅಂತ ಒಂದು ಸುಳ್ಳು ಬಿಡ್ಲಾ?
– ಎಸ್., ಎರಡು ವರ್ಷ ಅನುಭವ

ಉತ್ತರ: ನಿಮ್ಮ ಫ್ರೆಂಡ್ಸ್ ಹೇಳಿದ್ದು ಅರ್ಧ ಸರಿ. ಇನ್ನರ್ಧ ಹೇಳ್ತೀನಿ ಕೇಳಿ. 1974ರಲ್ಲಿ ಏಮೋಸ್ ಟ್ವರ್ಸ್ಕಿ, ಡೇನಿಯಲ್ ಕಾನೆಮನ್ ಅನ್ನೋ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಬಗ್ಗೆ ಬರೆದ್ರು. ಜನರ ಮುಂದೆ ಒಂದು ಚಕ್ರ ತಿರುಗಿಸ್ತಾರೆ, ಅದು 10ಕ್ಕೋ 65ಕ್ಕೋ ನಿಲ್ಲೋ ಹಾಗೆ ಮೊದ್ಲೇ ಸೆಟ್ ಮಾಡಿರ್ತಾರೆ, ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡ ಎಷ್ಟು ಅಂತ ಕೇಳ್ತಾರೆ. ಚಕ್ರಕ್ಕೂ ಪ್ರಶ್ನೆಗೂ ಏನೇನೂ ಸಂಬಂಧ ಇಲ್ಲ, ಆದ್ರೂ 10 ನೋಡಿದವ್ರ ಅಂದಾಜು 25ರ ಆಸುಪಾಸು, 65 ನೋಡಿದವ್ರದ್ದು 45ರ ಆಸುಪಾಸು! ಗೂಟಕ್ಕೆ ಕಟ್ಟಿದ ಹಸು ಹಗ್ಗ ಎಟುಕೋಷ್ಟು ದೂರನೇ ಮೇಯೋದು, ಮೊದಲು ಕಿವಿಗೆ ಬಿದ್ದ ನಂಬರ್ ಹಂಗೇ ಗೂಟ ಆಗ್ಬಿಡತ್ತೆ. ಅನುಭವ ಇದ್ರೆ ತಪ್ಪಿಸ್ಕೋಬಹುದು ಅಂತೀರಾ, ಅದೂ ಕಷ್ಟ. 1987ರ ಇನ್ನೊಂದು ಅಧ್ಯಯನದಲ್ಲಿ ಮನೆ ಮಾರಿಸೋ ಏಜೆಂಟ್‌ಗಳನ್ನೇ ಒಂದು ಮನೆಗೆ ಕರ್ಕೊಂಡು ಹೋಗಿ ಬೆಲೆ ಕಟ್ಟಿ ಅಂದ್ರು. ಮನೆ ಅದೇ, ಮಾಲೀಕ ಕೇಳ್ತಿರೋ ರೇಟು ಮಾತ್ರ ಒಬ್ಬೊಬ್ರ ಕೈಲಿದ್ದ ಪೇಪರಲ್ಲಿ ಬೇರೆ ಬೇರೆ. ಹೆಚ್ಚು ರೇಟು ಓದಿದವ್ರು ಹೆಚ್ಚು ಕಟ್ಟಿದ್ರು, ಕಮ್ಮಿ ಓದಿದವ್ರು ಕಮ್ಮಿ, ಆದ್ರೆ ಆ ರೇಟು ನೋಡಿ ಲೆಕ್ಕ ಹಾಕಿದ್ವಿ ಅಂತ ಹೆಚ್ಚಿನವ್ರು ಒಪ್ಕೊಳ್ಳಲೇ ಇಲ್ಲ.

ಹಂಗಾಗಿ ಆ ಕೆಲ್ಸಕ್ಕೆ ಹೊರಗಡೆ ಎಷ್ಟು ಕೊಡ್ತಾರೆ ಅಂತ ನಿಮಗೆ ಚೆನ್ನಾಗಿ ಗೊತ್ತಿದ್ರೆ ಗೂಟ ನೀವೇ ಹೊಡೀರಿ. ಗೊತ್ತಿಲ್ದೇ ಇದ್ರೆ ಬಾಯಿ ಬಿಡಬೇಡಿ, ‘ಈ ಪೋಸ್ಟ್‌ಗೆ ಬಜೆಟ್ ಎಷ್ಟರಿಂದ ಎಷ್ಟರವರೆಗೆ ಇಟ್ಕೊಂಡಿದೀರಾ’ ಅಂತ ವಾಪಸ್ ಕೇಳಿ. ನೀವು ಹೇಳಿದ ‘ಕಂಪನಿ ರೂಲ್ಸ್’ ಉತ್ತರ ಎರಡೂ ಅಲ್ಲ, ಅದು ಹಗ್ಗ ಕೈಗೆ ಕೊಟ್ಟು ಎಲ್ಲಾದ್ರೂ ಕಟ್ಟಿ ಅಂದ ಹಾಗೆ. ಆದ್ರೆ ಏನೂ ಮುಳುಗಿಲ್ಲ, ಲೆಟರ್ ಬಂದಿಲ್ಲ ಅಂದ್ಮೇಲೆ ಮಾತು ಮುಗಿದಿಲ್ಲ. ಇದೇ ಕೆಲ್ಸ ಮಾಡ್ತಿರೋ ನಾಲ್ಕೈದು ಜನರನ್ನ ಕೇಳಿ ಒಂದು ರೇಂಜ್ ಗೊತ್ತು ಮಾಡ್ಕೊಳ್ಳಿ, ಅದರ ಮೇಲ್ಗಡೆ ತುದಿ ಹತ್ರದ್ದು, ಆದ್ರೆ ಯಾಕೆ ಅಂತ ಒಂದೇ ವಾಕ್ಯದಲ್ಲಿ ಹೇಳೋಕೆ ಆಗೋ ಅಂಥ ನಂಬರ್ ಇಟ್ಕೊಂಡು ಫೋನ್ ಮಾಡಿ, ‘ಅವತ್ತು ಸರಿಯಾಗಿ ಹೇಳೋಕಾಗ್ಲಿಲ್ಲ, ವಿಚಾರಿಸಿ ನೋಡಿದೆ, ನನ್ನ ನಿರೀಕ್ಷೆ ಇಷ್ಟಿದೆ’ ಅಂತ ಹೇಳಿ. ಇದಕ್ಕೆಲ್ಲಾ ಆಫರ್ ವಾಪಸ್ ತಗೊಳ್ಳೋರು ಬಹಳ ಕಮ್ಮಿ. ಸಂಬಳ ಏರಿಸೋಕಾಗಲ್ಲ ಅಂದ್ರೆ ಜಾಯ್ನಿಂಗ್ ಡೇಟ್, ವರ್ಕ್ ಫ್ರಮ್ ಹೋಮ್, ಆರು ತಿಂಗಳಿಗೆ ಒಂದು ರಿವ್ಯೂ ಇಂಥದ್ದನ್ನ ಕೇಳಬಹುದು, ಆದ್ರೆ ಎಲ್ಲಾ ಒಟ್ಟಿಗೇ ಕೇಳಿ. ಒಂದಕ್ಕೆ ಹೂಂ ಅನ್ನಿಸ್ಕೊಂಡು ಆಮೇಲೆ ‘ಇನ್ನೊಂದಿತ್ತು’ ಅಂತ ರಾಗ ಎಳೆದ್ರೆ ಎಂಥವ್ರಿಗೂ ತಲೆ ಕೆಡತ್ತೆ. ಒಪ್ಪಿದ್ದೆಲ್ಲಾ ಲೆಟರ್‌ನಲ್ಲಿ ಬರಬೇಕು, ಬಾಯಿ ಮಾತು ಆ ಎಚ್‌ಆರ್ ಕೆಲ್ಸ ಬಿಟ್ಟ ದಿನ ಗಾಳಿಗೆ ಹೋಗತ್ತೆ.

ಸುಳ್ಳು ಆಫರ್ ಬೇಡ. ‘ಓ ಕಂಗ್ರಾಟ್ಸ್, ಅಲ್ಲೇ ಹೋಗಿ’ ಅಂದ್ರೆ ಏನ್ಮಾಡ್ತೀರಾ? ರೋಜರ್ ಫಿಶರ್, ವಿಲಿಯಂ ಯೂರಿ ಅಂತ ಇಬ್ಬರು 1981ರಲ್ಲೇ ಬರೆದಿಟ್ಟಿದಾರೆ, ಮಾತುಕತೆಗೆ ಕೂರೋ ಮುಂಚೆ ಇದು ಕುದುರದೇ ಹೋದ್ರೆ ನಾನು ಮಾಡಬಹುದಾದ ಅತಿ ಒಳ್ಳೇ ಕೆಲ್ಸ ಯಾವ್ದು ಅಂತ ಗೊತ್ತಿರಬೇಕು, ನಮ್ಮ ಬಲ ಇರೋದು ಅಲ್ಲೇ ಅಂತ. ಈಗಿರೋ ಕೆಲ್ಸದಲ್ಲೇ ಇನ್ನಾರು ತಿಂಗಳು ಇರಬಲ್ಲೆ ಅನ್ನೋದೂ ಅಂಥ ಒಂದು ದಾರಿನೇ. ಅದು ನಿಜವಾಗ್ಲೂ ಇದ್ರೆ ಸುಳ್ಳಿನ ಅಗತ್ಯನೇ ಬೀಳಲ್ಲ, ದನಿಯಲ್ಲೇ ಗೊತ್ತಾಗತ್ತೆ. ಇಲ್ಲ ಅಂದ್ರೆ ಸುಳ್ಳು ಹೇಳೋಕೆ ಖರ್ಚು ಮಾಡೋ ಧೈರ್ಯನ ಇನ್ನೆರಡು ಕಡೆ ಅಪ್ಲೈ ಮಾಡೋಕೆ ಖರ್ಚು ಮಾಡಿ.

ಪ್ರಶ್ನೆ: ಫ್ರೀಲಾನ್ಸ್ ಡಿಸೈನ್ ಮಾಡ್ತೀನಿ ಮೇಡಂ. ರೇಟ್ ಹೇಳಿದ್ಮೇಲೆ ಕ್ಲೈಂಟ್ ಸುಮ್ನಿದ್ರೆ ಭಯ ಆಗಿ ನಾನೇ ‘ಸ್ವಲ್ಪ ಕಮ್ಮಿನೂ ಮಾಡ್ತೀನಿ’ ಅಂದ್ಬಿಡ್ತೀನಿ.
– ಆರ್.

ಉತ್ತರ: ಅವ್ರು ಚೌಕಾಸಿನೇ ಶುರು ಮಾಡಿಲ್ಲ, ನಿಮ್ಮ ಜೊತೆ ನೀವೇ ಮಾಡ್ಕೊಂಡು ನೀವೇ ಸೋಲ್ತಿದೀರಾ. ಅವ್ರು ಸುಮ್ನಿದ್ದಾರೆ ಅಂದ್ರೆ ಬಹುಶಃ ಮನಸಲ್ಲೇ ಕೂಡಿಸಿ ಕಳೀತಿರಬಹುದು, ಇಲ್ಲಾ ಬೇರೆ ಮೆಸೇಜ್ ನೋಡ್ತಿರಬಹುದು. ನಂಬರ್ ಹೇಳಿ ನೀರು ಕುಡೀರಿ. ಅವ್ರೇ ಕಮ್ಮಿ ಮಾಡಿ ಅಂದ್ರೆ ಕೆಲ್ಸನೂ ಕಮ್ಮಿ ಮಾಡಿ, ಮೂರು ಡಿಸೈನ್ ಇದ್ದಿದ್ದು ಎರಡಾಗ್ಲಿ, ತಿದ್ದುಪಡಿ ಒಂದೇ ಸಲ ಆಗ್ಲಿ. ಸುಮ್‌ಸುಮ್ನೆ ರೇಟ್ ಇಳಿಸಿದ್ರೆ ಮೊದಲು ಹೇಳಿದ್ದು ಬೋಗಸ್ ಅಂತ ನೀವೇ ಸಾಕ್ಷಿ ಹೇಳಿದ ಹಾಗೆ ಆಗತ್ತೆ.

ಪ್ರಶ್ನೆ: ನಾನು ಟೀಮ್ ಲೀಡ್. ಒಬ್ಬನಿಗೆ ಎಸಿ 20ಕ್ಕಿರಬೇಕು, ಪಕ್ಕದವಳಿಗೆ 27 ಬೇಕು. ದಿನಾ ಜಗಳ ನೋಡಿ ನೋಡಿ ಸಾಕಾಗಿ 23.5 ಅಂತ ತೀರ್ಪು ಕೊಟ್ಟೆ, ಈಗ ಇಬ್ರೂ ನನ್ನ ಮೇಲೆ ಮುನಿಸ್ಕೊಂಡಿದಾರೆ. ನ್ಯಾಯವಾಗೇ ಮಾಡಿದ್ನಲ್ಲಾ?
– ಎರಡು ಕಡೆಯೂ ಬೈಸಿಕೊಂಡವನು

ಉತ್ತರ: ಲೆಕ್ಕ ಸರಿಯಾಗಿದೆ ಸಾರ್, ಆದ್ರೆ ಅರ್ಧರ್ಧ ಮಾಡೋದು ನನ್ನ ಪ್ರಕಾರ ಸೋಮಾರಿಗಳ ನ್ಯಾಯ. ಇಬ್ಬರಿಗೂ ಬೇಕಾಗಿದ್ದು ಸಿಗದೇ ಇರೋದನ್ನ ಸಮಾನವಾಗಿ ಹಂಚಿದೀರಾ ಅಷ್ಟೇ. ಮೇರಿ ಪಾರ್ಕರ್ ಫಾಲೆಟ್ ಅನ್ನೋ ಅಮೆರಿಕದ ಚಿಂತಕಿ 1920ರ ದಶಕದಲ್ಲೇ ನಿಮ್ಮದೇ ಥರದ ಒಂದು ಉದಾಹರಣೆ ಕೊಟ್ಟಿದ್ರು. ಲೈಬ್ರರಿಯ ಸಣ್ಣ ರೂಮು, ಒಬ್ರಿಗೆ ಕಿಟಕಿ ತೆಗೀಬೇಕು, ಈಕೆಗೆ ಮುಚ್ಚಿರಬೇಕು. ಕೊನೆಗೆ ಯಾರೂ ಇಲ್ಲದ ಪಕ್ಕದ ರೂಮಿನ ಕಿಟಕಿ ತೆಗೆದ್ರು. ಅವ್ರಿಗೆ ಬೇಕಾಗಿದ್ದು ಹೊಸ ಗಾಳಿ, ಈಕೆಗೆ ಬೇಡವಾಗಿದ್ದು ಮೈಮೇಲೆ ನೇರ ಬೀಸೋ ಚಳಿಗಾಳಿ, ಆ ಕಿಟಕಿನೇ ಆಗಬೇಕು ಅಂತ ಇಬ್ಬರಿಗೂ ಇರ್ಲಿಲ್ಲ.

ಇದು ಕಿಟಕಿ ಲೆವೆಲ್ಲಿಗೆ ಮಾತ್ರ ಸರಿ ಅನ್ಕೋಬೇಡಿ. 1967ರ ಯುದ್ಧದಲ್ಲಿ ಇಸ್ರೇಲ್ ಈಜಿಪ್ಟಿನ ಸಿನಾಯ್ ಪ್ರದೇಶ ಹಿಡ್ಕೊಂಡಿತ್ತು. ಮ್ಯಾಪ್ ಮೇಲೆ ಎಲ್ಲಿ ಗೆರೆ ಎಳೆದ್ರೂ ಈಜಿಪ್ಟ್ ಒಪ್ಪಂಗಿಲ್ಲ, ನಮ್ಮ ನೆಲ ಪೂರ್ತಿ ನಮಗೆ ಬೇಕು ಅಂತ. ಇಸ್ರೇಲ್‌ಗೆ ಗಡಿ ಪಕ್ಕದಲ್ಲೇ ಈಜಿಪ್ಟಿನ ಟ್ಯಾಂಕ್ ಬಂದು ನಿಂತ್ರೆ ಅನ್ನೋ ಚಿಂತೆ. 1978ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ ಅಲ್ಲಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಈಜಿಪ್ಟ್ ಅಧ್ಯಕ್ಷ ಅನ್ವರ್ ಸಾದತ್, ಇಸ್ರೇಲ್ ಪ್ರಧಾನಿ ಮೆನಾಖೆಮ್ ಬೆಗಿನ್ ಇಬ್ಬರನ್ನೂ 13 ದಿನ ಕೂರಿಸ್ಕೊಂಡು ಮಾಡಿದ್ದೇನಪ್ಪಾ ಅಂದ್ರೆ, ಸಿನಾಯ್ ಪೂರ್ತಿ ಈಜಿಪ್ಟಿಗೆ ವಾಪಸ್, ಆದ್ರೆ ಅದರ ದೊಡ್ಡ ಭಾಗದಲ್ಲಿ ಸೈನ್ಯಕ್ಕೆ ಕಟ್ಟುನಿಟ್ಟಿನ ಮಿತಿ. ಮುಂದಿನ ವರ್ಷ ಶಾಂತಿ ಒಪ್ಪಂದ ಆಯ್ತು, 1982ರ ಏಪ್ರಿಲ್‌ಗೆ ಇಸ್ರೇಲ್ ಹೆಚ್ಚುಕಮ್ಮಿ ಪೂರ್ತಿ ಖಾಲಿ ಮಾಡ್ತು. ನೆಲ ಅರ್ಧರ್ಧ ಅಂದಿದ್ರೆ ಇದು ಆಗ್ತಾನೇ ಇರ್ಲಿಲ್ಲ.

ನಿಮ್ಮ ಎಸಿ ವಿಷಯಕ್ಕೆ ಬಂದ್ರೆ, ಇಬ್ಬರನ್ನೂ ಬೇರೆ ಬೇರೆ ಕರೆದು ಕೇಳಿ, ‘ಯಾಕೆ ನಿಂಗೆ 27ಏ ಬೇಕು’ ಅಂತ ಕೇಳಿದ್ರೆ ಪೊಲೀಸ್ ಸ್ಟೇಷನ್ ಥರ ಇರತ್ತೆ, ‘20 ಇದ್ರೆ ಏನ್ ತೊಂದ್ರೆ ಆಗತ್ತೆ’ ಅಂತ ಕೇಳಿ. ಗಾಳಿ ನೇರ ತಲೆ ಮೇಲೆ ಬೀಳೋ ಸೀಟಲ್ಲಿ ಚಳಿ ಆಗೋಳು ಕೂತಿದ್ರೆ, ಸೆಕೆ ಆಗೋನು ಬಿಸಿಲು ಬೀಳೋ ಗಾಜಿನ ಪಕ್ಕ ಇದ್ರೆ, ಸೀಟ್ ಬದಲಾಯಿಸಿದ್ರೆ ಮುಗೀತು.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಬೈಕ್ ತಗೋಬೇಕು. ಅವ್ರು ಹೇಳಿದ್ರಲ್ಲಿ ಕಾಲು ಭಾಗಕ್ಕೆ ಕೇಳು ಅಂತಾರೆ ನಮ್ ಮಾವ. ನಿಜಾನಾ?
– ಕೆ.

ಉತ್ತರ: ನಿಮ್ಮ ಮಾವನ್ನ ಜೊತೆಗೆ ಕರ್ಕೊಂಡು ಹೋಗಬೇಡಿ. 1982ರಲ್ಲಿ ಜರ್ಮನಿಯ ಅರ್ಥಶಾಸ್ತ್ರಜ್ಞರು ಒಂದು ಆಟ ಆಡಿಸಿ ನೋಡಿದ್ರು. ಒಬ್ಬನ ಕೈಗೆ ದುಡ್ಡು ಕೊಟ್ಟು ಇನ್ನೊಬ್ಬನಿಗೆ ಎಷ್ಟು ಕೊಡ್ತೀಯಾ ಹೇಳು ಅನ್ನೋದು, ಅವನು ಒಪ್ಪಿದ್ರೆ ಇಬ್ಬರಿಗೂ ಸಿಗತ್ತೆ, ಒಪ್ಪದಿದ್ರೆ ಇಬ್ಬರಿಗೂ ಸೊನ್ನೆ. ಲೆಕ್ಕದ ಪ್ರಕಾರ ಬಿಡಿಗಾಸು ಸಿಕ್ಕಿದ್ರೂ ಲಾಭನೇ, ಆದ್ರೆ ಆಮೇಲೆ ಬೇಕಾದಷ್ಟು ಕಡೆ ಆಡಿಸಿದಾಗ್ಲೂ 20 ಪರ್ಸೆಂಟ್‌ಗಿಂತ ಕಮ್ಮಿ ಕೊಡ್ತೀನಿ ಅಂದವ್ರಿಗೆ ಬಹಳಷ್ಟು ಸಲ ‘ನೀನೂ ಬೇಡ ನಿನ್ ದುಡ್ಡೂ ಬೇಡ’ ಅನ್ನೋ ಉತ್ತರನೇ ಸಿಕ್ತು. ಅವಮಾನ ಆಯ್ತು ಅನ್ನಿಸಿದ್ರೆ ಜನ ನಷ್ಟ ಮಾಡ್ಕೊಂಡಾದ್ರೂ ಬುದ್ಧಿ ಕಲಿಸ್ತಾರೆ. ಅದೇ ವರ್ಷದ ಮಾಡೆಲ್, ಹೆಚ್ಚುಕಮ್ಮಿ ಅಷ್ಟೇ ಓಡಿರೋ ಬೈಕ್ ಬೇರೆ ಕಡೆ ಎಷ್ಟಕ್ಕೆ ಹೋಗ್ತಿದೆ ನೋಡ್ಕೊಳ್ಳಿ, ಟೈರ್, ಚೈನ್, ಬ್ಯಾಟರಿ ಯಾವ್ದು ಹಾಕಿಸಬೇಕು ಅಂತ ಮೆಕ್ಯಾನಿಕ್ ಹತ್ರ ಬರೆಸ್ಕೊಳ್ಳಿ, ಆ ಲೆಕ್ಕ ತೋರಿಸಿ ಇಳಿಸಿ.

ಇನ್ನೊಂದು, ಮಾರೋರ ಕಡೆಗೆ: ಯಾರಾದ್ರೂ ಹೇಳಿದ ರೇಟು ನಿಮಗೆ ಓಕೆ ಇದ್ರೂ ತಕ್ಷಣ ‘ಡನ್’ ಅಂತ ಹಾರಬೇಡಿ. ಮೊದಲು ಹೇಳಿದ್ದನ್ನೇ ಎದುರಿನವ್ರು ಪಟ್ಟಂತ ಒಪ್ಕೊಂಡ್ರೆ ಹೇಳಿದವ್ರಿಗೆ ಖುಷಿ ಕಮ್ಮಿ ಆಗತ್ತೆ ಅಂತ 2002ರ ಒಂದು ಸಂಶೋಧನೆಯಲ್ಲೂ ಕಂಡಿದೆ, ‘ಅಯ್ಯೋ ಇನ್ನೂ ಕಮ್ಮಿಗೆ ಕೇಳಬಹುದಿತ್ತು’ ಅಂತ ಮನೆವರೆಗೂ ಕೊರೀತಿರತ್ತೆ. ಒಂದು ನಿಮಿಷ ಯೋಚನೆ ಮಾಡಿ ಒಪ್ಕೊಳ್ಳಿ, ಅವ್ರ ಸಮಾಧಾನಕ್ಕೆ.

ಪ್ರಶ್ನೆ: ಅಮ್ಮ ಹೋದ್ಮೇಲೆ ಮನೆ ಸಾಮಾನು ಹಂಚ್ಕೋಬೇಕು, ನಾನು ಮತ್ತು ಅಣ್ಣ ಇಬ್ರೇ. ಏನ್ ಮಾಡಿದ್ರೂ ಇನ್ನೊಬ್ರಿಗೆ ಹೆಚ್ಚು ಹೋಯ್ತು ಅನ್ನಿಸತ್ತೆ. ಸಂಬಂಧ ಕೆಡಿಸ್ಕೊಳ್ಳೋಕೆ ಇಷ್ಟ ಇಲ್ಲ.
– ತಂಗಿ

ಉತ್ತರ: ಒಬ್ಬರು ಎರಡು ಪಾಲು ಮಾಡೋದು, ಇನ್ನೊಬ್ಬರು ಮೊದಲು ಆರಿಸೋದು. ಮಕ್ಕಳಾಟ ಅನ್ಸತ್ತೆ ಅಲ್ವಾ, ಆದ್ರೆ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದಲ್ಲೂ ಇದೇ ಉಪಾಯ ಇದೆ. ಸಮುದ್ರದ ತಳದಲ್ಲಿ ಖನಿಜ ತೆಗೀಬೇಕು ಅಂತ ಬರೋರು ಸಮಾನ ಬೆಲೆಯ ಎರಡು ಭಾಗ ಆಗೋಷ್ಟು ಜಾಗ ತೋರಿಸಬೇಕು, ಅದರಲ್ಲಿ ಒಂದನ್ನ ಅಂತಾರಾಷ್ಟ್ರೀಯ ಪ್ರಾಧಿಕಾರ ಮೀಸಲಿಟ್ಕೊಳ್ಳತ್ತೆ. ಯಾವ್ದು ತನಗೆ ಉಳಿಯತ್ತೋ ಗೊತ್ತಿಲ್ದೇ ಇರೋದ್ರಿಂದ ಮೋಸ ಮಾಡಿ ಪ್ರಯೋಜನ ಇಲ್ಲ.

ಆದ್ರೆ ಬರೀ ಬೆಲೆ ಇರೋ ಸಾಮಾನಿಗೆ ಮಾತ್ರ ಇದು. ಅಮ್ಮನ ಕೈಬರಹದ ಪುಸ್ತಕ, ಫೋಟೋ ಇಂಥದ್ದನ್ನ ಪಾಲಿಗೆ ಹಾಕಲೇಬೇಡಿ. ಇಬ್ರೂ ಒಬ್ಬರಿಗೊಬ್ಬರು ತೋರಿಸದೆ ತಮಗೆ ಬಿಡೋಕೆ ಆಗದೇ ಇರೋ ಮೂರು ವಸ್ತು ಬರೆದು ಆಮೇಲೆ ಚೀಟಿ ತೆಗೀರಿ. ನೀವು ಅಂದ್ಕೊಂಡಷ್ಟು ಡಿಕ್ಕಿ ಹೊಡಿಯಲ್ಲ, ಯಾಕಂದ್ರೆ ಅಣ್ಣನ ಅಮ್ಮನೂ ನಿಮ್ಮ ಅಮ್ಮನೂ ಒಬ್ಬರೇ ಆದ್ರೂ ನೆನಪು ಬೇರೆ ಬೇರೆ ಇರತ್ತೆ. ಮನೆ, ಜಮೀನು ಇದ್ರೆ ಮಾತ್ರ ವಕೀಲರ ಹತ್ರ ಹೋಗಿ, ಅದಕ್ಕೆ ನನ್ನ ಅಂಕಣ ಸಾಲದು.

ಪ್ರಶ್ನೆ: ವಾರದ ಕೊನೇ ದಿನ ಸಂಜೆ ಮನೆಗೆ ಹೊರಡೋ ಹೊತ್ತಿಗೇ ಬಾಸ್ ‘ಇದೊಂದು ಅರ್ಜೆಂಟ್’ ಅಂತ ಬರ್ತಾರೆ. ಆಗಲ್ಲ ಅನ್ನೋಕೆ ಬಾಯೇ ಬರಲ್ಲ.
– ಎಂ.

ಉತ್ತರ: ಆಗಲ್ಲ ಅನ್ನಬೇಡಿ. ‘ಆಯ್ತು ಸರ್ ತಗೋತೀನಿ, ಈಗ ಕೈಲಿರೋ ರಿಪೋರ್ಟ್, ಕ್ಲೈಂಟ್ ಫೈಲ್ ಎರಡ್ರಲ್ಲಿ ಯಾವ್ದನ್ನ ಮುಂದಕ್ಕೆ ಹಾಕ್ಲಿ’ ಅನ್ನಿ. ಆಯ್ಕೆ ಮಾಡೋ ಭಾರ ಅವ್ರ ತಲೆಗೆ ಹೋಯ್ತು ನೋಡಿ. ಎಷ್ಟೋ ಸಲ ನಿಮ್ಮ ಕೈಲಿ ಏನೇನಿದೆ ಅಂತ ಅವ್ರಿಗೆ ಮರೆತೇ ಹೋಗಿರತ್ತೆ, ಕೇಳಿದ್ಮೇಲೆ ‘ಸರಿ ಸೋಮವಾರ ಮಾಡಿ’ ಅಂತಾರೆ. ಏನು ಹೇಳಿದ್ರೋ ಅದನ್ನ ಒಂದು ಸಾಲು ಮೇಲ್ ಹಾಕ್ಬಿಡಿ. ‘ಎರಡೂ ಮಾಡು, ಇದನ್ನೂ ಮಾಡು’ ಅಂತ ಪ್ರತಿ ವಾರನೂ ಅನ್ನೋರಾದ್ರೆ ಅದು ಮಾತಾಡೋ ಕಲೆಯಿಂದ ಸರಿಹೋಗೋ ಕಾಯಿಲೆ ಅಲ್ಲ, ಮೇಲೆ ಎಸ್. ಅವರಿಗೆ ಹೇಳಿದ ಹಾಗೆ ಬೇರೆ ದಾರಿ ಹುಡುಕಿಟ್ಕೊಳ್ಳಿ.

ಪ್ರಶ್ನೆ: 14 ವರ್ಷದ ಮಗಳು. ಫ್ರೆಂಡ್ಸ್ ಜೊತೆ ಮೂರು ದಿನ ಟ್ರಿಪ್ ಹೋಗ್ತೀನಿ ಅಂತಾಳೆ, ನಾನು ಕೂಗಾಡ್ತೀನಿ, ‘ಹೋಗ್ಲಿ ರಾತ್ರಿ ಹತ್ತರವರೆಗೆ ಫೋನಾದ್ರೂ ಕೊಡು’ ಅಂತಾಳೆ, ಕೊಡ್ತೀನಿ. ಆಮೇಲೆ ಯೋಚಿಸಿದ್ರೆ ಅವ್ಳಿಗೆ ಬೇಕಾಗಿದ್ದೇ ಫೋನು ಅನ್ಸತ್ತೆ.
– ಒಬ್ಬ ಅಪ್ಪ

ಉತ್ತರ: ಅನುಮಾನನೇ ಬೇಡ, ಫೋನೇ. 1975ರಲ್ಲಿ ರಾಬರ್ಟ್ ಚಾಲ್ಡೀನಿ ಅನ್ನೋ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಇದನ್ನೇ ಕಾಲೇಜು ಹುಡುಗರ ಮೇಲೆ ಮಾಡಿ ನೋಡಿದ್ರು. ತಪ್ಪು ದಾರಿ ಹಿಡಿದ ಮಕ್ಕಳನ್ನ ಝೂಗೆ ಕರ್ಕೊಂಡು ಹೋಗ್ತೀರಾ ಅಂತ ನೇರವಾಗಿ ಕೇಳಿದಾಗ ನೂರಕ್ಕೆ ಸುಮಾರು 17 ಜನ ಹೂಂ ಅಂದ್ರು. ಮೊದಲು ‘ವಾರಕ್ಕೆ ಎರಡು ಗಂಟೆ, ಎರಡು ವರ್ಷ ಅಂಥ ಮಕ್ಕಳಿಗೆ ಬುದ್ಧಿ ಹೇಳ್ತೀರಾ’ ಅಂತ ಕೇಳಿ, ಇಲ್ಲ ಅನ್ನಿಸ್ಕೊಂಡು, ಆಮೇಲೆ ಝೂ ಕೇಳಿದಾಗ ಅರ್ಧದಷ್ಟು ಜನ ಒಪ್ಪಿದ್ರು. ಅವ್ರು ಇಷ್ಟು ಕೆಳಗೆ ಇಳಿದ್ರು, ನಾನೂ ಸ್ವಲ್ಪ ಇಳೀದೇ ಇದ್ರೆ ಹೆಂಗೆ ಅನ್ನೋ ದಾಕ್ಷಿಣ್ಯ ಅದು.

ಮೊದಲನೇ ಬೇಡಿಕೆ ಬಂದೇ ಇರ್ಲಿಲ್ಲ ಅಂದ್ಕೊಂಡು ಎರಡನೇದನ್ನ ನೋಡಿ. ಬರೀ ಫೋನ್ ಕೇಳಿದ್ರೆ ಕೊಡ್ತಿದ್ರಾ? ಕೊಡ್ತಿದ್ರೆ ಕೊಡಿ, ಇಲ್ಲಾಂದ್ರೆ ‘ನಾಳೆ ಹೇಳ್ತೀನಿ’ ಅನ್ನಿ, ಕೂಗಾಟದ ಬಿಸಿಯಲ್ಲಿ ಯಾವುದಕ್ಕೂ ಹೂಂ ಅನ್ನಬೇಡಿ. ಕೊಡೋದಾದ್ರೆ ಬದಲಿಗೆ ಏನಾದ್ರೂ ಕೇಳಿ, ಹತ್ತಕ್ಕೆ ಫೋನ್ ಹಾಲ್‌ನಲ್ಲಿ ಚಾರ್ಜಿಗೆ ಬರಬೇಕು ಅಂತಾನೋ ಏನೋ. ಮತ್ತೆ ನಿಮಗೆ ಗೊತ್ತಾಗಿದೆ ಅಂತ ಅವ್ಳ ಮುಂದೆ ತೋರಿಸ್ಕೊಳ್ಳಬೇಡಿ, ಮುಂದಿನ ಸಲ ಟ್ರಿಪ್ ಒಂದು ವಾರಕ್ಕೆ ಏರತ್ತೆ.