ಹಂಗೇರಿಯ ಪೋಸ್ಟರ್‌ನಲ್ಲಿ ರಷ್ಯನ್ ಅಕ್ಷರ ಯಾಕೆ?

ಪ್ರಶ್ನೆ: 1990ರ ಹಂಗೇರಿ ಚುನಾವಣೆಯ ಒಂದು ಪೋಸ್ಟರ್‌ನ ಚಿತ್ರ ನೋಡಿದೆ. ಟೋಪಿ ಹಾಕಿದ ದಪ್ಪನೆಯ ಸೇನಾಧಿಕಾರಿ, ಅದೂ ಹಿಂದಿನಿಂದ. ಮುಖವೇ ಕಾಣುವುದಿಲ್ಲ. ಜೊತೆಗೆ ರಷ್ಯನ್‌ನಲ್ಲಿ ಎರಡು ಪದ. ಹಂಗೇರಿಯ ಮತದಾರರಿಗೆ ರಷ್ಯನ್ ಯಾಕೆ? ಆ ದೇಶದ ಮೊದಲ ಮುಕ್ತ ಚುನಾವಣೆ ಅದೇನಾ?

ಉತ್ತರ: ನೀವು ನೋಡಿದ್ದು ಕಲಾವಿದ ಇಶ್ತ್ವಾನ್ ಒರೋಸ್ ಅವರ ಪೋಸ್ಟರ್. ಹಂಗೇರಿಯನ್ ಡೆಮಾಕ್ರಟಿಕ್ ಫೋರಂ (ಎಂಡಿಎಫ್) ಪಕ್ಷ ಅದನ್ನು ಪ್ರಚಾರಕ್ಕೆ ಬಳಸಿತು. ಅದರಲ್ಲಿರುವ ಪದಗಳು 'ತವಾರಿಶ್ಚಿ ಕನ್ಯೇತ್ಸ್'. ಅಂದರೆ 'ಕಾಮ್ರೇಡುಗಳೇ, ಮುಗೀತು'. ಬರೆಯುವಾಗ ಆ ಎರಡನೆಯ ಪದ 'ಕೊನೇತ್ಸ್'. ನಮ್ಮ 'ಕೊನೆ'ಗೂ ಅದಕ್ಕೂ ನಂಟಿಲ್ಲ, ಆದರೂ ನೆನಪಿಟ್ಟುಕೊಳ್ಳಲು ಸುಲಭ ಅಲ್ವಾ!

ಆಗಿನ ಹಂಗೇರಿಯಲ್ಲಿ ಇದನ್ನು ಓದಲು ಯಾರೂ ತಡವರಿಸಬೇಕಿರಲಿಲ್ಲ. ದೇಶ ಸೋವಿಯತ್ ಹಿಡಿತದಲ್ಲಿದ್ದಾಗ ಸುಮಾರು 40 ವರ್ಷ ಶಾಲೆಗಳಲ್ಲಿ ರಷ್ಯನ್ ಕಡ್ಡಾಯವಾಗಿತ್ತು. ಮಕ್ಕಳು ಮನಸ್ಸಿಲ್ಲದೆ ಕಲಿತರು, ಜಾಸ್ತಿ ಜನ ಮರೆತೂಬಿಟ್ಟರು. ಆದರೆ 'ತವಾರಿಶ್' ಮರೆಯುವ ಪದವಲ್ಲ. 'ಕನ್ಯೇತ್ಸ್' ಅಂತೂ ಸೋವಿಯತ್ ಸಿನಿಮಾ ಮುಗಿದಾಗ ತೆರೆಯ ಮೇಲೆ ಬರುತ್ತಿದ್ದ ಪದ. ಬಲವಂತವಾಗಿ ಕಲಿಸಿದ ಭಾಷೆಯಲ್ಲೇ, ಕಲಿಸಿದವರಿಗೆ ಹೊರಡಿ ಅನ್ನುವುದು. ಹಂಗೇರಿಯನ್‌ನಲ್ಲಿ ಬರೆದಿದ್ದರೆ ಈ ಕುಟುಕು ಬರುತ್ತಿರಲಿಲ್ಲ.

ಇನ್ನು ಆ ಹೆಕ್ಕತ್ತು. ನನಗೆ ಪೋಸ್ಟರಿನ ಜೀವ ಇರುವುದು ಅಲ್ಲೇ. ಮಡಿಕೆ ಮಡಿಕೆಯಾಗಿ ಬಿದ್ದ ಮಾಂಸ. 'ಕೊಬ್ಬು' ಅನ್ನುವ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ ಇವೆಯಲ್ಲ, ಚಿತ್ರದಲ್ಲಿ ಎರಡೂ ಇವೆ. ಮುಖ ಬಿಡಿಸಿದ್ದರೆ ಅದು ಯಾರೋ ಒಬ್ಬನ ಚಿತ್ರವಾಗುತ್ತಿತ್ತು. ಬೆನ್ನು ತಿರುಗಿಸಿದ್ದರಿಂದ ಇಡೀ ಸೋವಿಯತ್ ಸೇನೆಯೇ ಹೊರಟು ನಿಂತ ಹಾಗಿದೆ. ಅಭ್ಯರ್ಥಿಯ ಫೋಟೊ ಇಲ್ಲ, ಭರವಸೆಯ ಪಟ್ಟಿ ಇಲ್ಲ. ಮತದಾರರನ್ನು ಮಾತಾಡಿಸುವುದೂ ಇಲ್ಲ. ಹೊರಟವನ ಜೊತೆ ಮಾತಾಡುತ್ತದೆ, ಮತದಾರರು ಕೇಳಿಸಿಕೊಂಡು ನಗುತ್ತಾರೆ.

ನಗುವುದಕ್ಕೆ ಕಾರಣವೂ ಇತ್ತು. ಸೋವಿಯತ್ ಪಡೆಗಳು ಎರಡನೇ ಮಹಾಯುದ್ಧದ ಕೊನೆಗೆ ಬಂದವು, 1956ರ ದಂಗೆಯನ್ನು ಟ್ಯಾಂಕ್ ಹತ್ತಿಸಿ ಅಡಗಿಸಿದವು, ಆಮೇಲೂ ಉಳಿದವು. ಸರ್ಕಾರಿ ಭಾಷೆಯಲ್ಲಿ ಅವು ದೇಶದಲ್ಲಿ 'ತಾತ್ಕಾಲಿಕವಾಗಿ' ಬೀಡುಬಿಟ್ಟ ಪಡೆಗಳು! ಆ ತಾತ್ಕಾಲಿಕ ದಶಕಗಳ ಕಾಲ ಎಳೆಯಿತು.

ಹಾಗಂತ ಪೋಸ್ಟರನ್ನು ತೀರಾ ವೀರಗಾಥೆ ಮಾಡಬೇಡಿ. ಸೇನೆ ವಾಪಸಾಗುವ ಒಪ್ಪಂದಕ್ಕೆ ಮಾಸ್ಕೋದಲ್ಲಿ ಸಹಿ ಬಿದ್ದದ್ದು 1990ರ ಮಾರ್ಚ್ 10ರಂದು. ಮೊದಲ ಸುತ್ತಿನ ಮತದಾನ ಮಾರ್ಚ್ 25ಕ್ಕೆ. ಹುಲಿ ಆಗಲೇ ಬಾಲ ಮುದುರಿತ್ತು. ಕೊನೆಯ ಸೋವಿಯತ್ ಸೈನಿಕ ಗಡಿ ದಾಟಿದ್ದು ಮಾತ್ರ 1991ರ ಜೂನ್ 19ಕ್ಕೆ. ಎಂಡಿಎಫ್ ಅತಿ ದೊಡ್ಡ ಪಕ್ಷವಾಗಿ ಗೆದ್ದು ಯೋಜೆಫ್ ಅಂತಾಲ್ ಪ್ರಧಾನಿಯಾದರು. ಅದೆಲ್ಲ ಈ ಒಂದು ಚಿತ್ರದ ಮಹಿಮೆ ಅನ್ನಲಾರೆ.

ಮೊದಲ ಮುಕ್ತ ಚುನಾವಣೆಯೇ ಅಂದರೆ, ಪೂರ್ತಿ ಸರಿಯಲ್ಲ. 1945ರ ನವೆಂಬರ್‌ನಲ್ಲಿ ಬಹುಮಟ್ಟಿಗೆ ಮುಕ್ತವಾದ ಚುನಾವಣೆ ನಡೆದು, ಸಣ್ಣ ಹಿಡುವಳಿದಾರರ ಪಕ್ಷ 57% ಮತ ಪಡೆದಿತ್ತು. ಕಮ್ಯುನಿಸ್ಟರಿಗೆ ಇದು ರುಚಿಸಲಿಲ್ಲ. 1947ರಲ್ಲಿ ಪರಊರಿನಲ್ಲಿ ಇರುವವರಿಗೆಂದು ಕೊಡುವ ನೀಲಿ ಮತಚೀಟಿ ಹಿಡಿದು ಅವರ ಕಾರ್ಯಕರ್ತರು ಊರಿಂದೂರಿಗೆ ತಿರುಗಿ ಮತ್ತೆ ಮತ್ತೆ ಮತ ಹಾಕಿದರು. ಅಲ್ಲಿಂದ 1990ರ ತನಕ ನಡೆದದ್ದನ್ನು ಮುಕ್ತ ಚುನಾವಣೆ ಅನ್ನುವಂತಿಲ್ಲ.