ಮೆಂಬ್ರೇನ್ ಡಿಸ್ಟಿಲೇಶನ್ ಎಂದರೇನು? ಕಡಲ ನೀರಿಗೂ ವಿಕಿರಣಶೀಲ ತ್ಯಾಜ್ಯದ ನೀರಿಗೂ ಅದೇ ವಿಧಾನ ಹೇಗೆ ಒದಗುತ್ತದೆ?

ಮಳೆಗಾಲದಲ್ಲಿ ಪತ್ರೊಡೆಗೆಂದು ಕೊಯ್ದ ಕೆಸುವಿನೆಲೆಯ ಮೇಲೆ ನೀರಿನ ಹನಿ ಎಲೆಯನ್ನು ಒದ್ದೆ ಮಾಡದೆ ಉರುಳಿಹೋಗುವುದನ್ನು ಉಡುಪಿಯವರೆಲ್ಲ ನೋಡಿರುತ್ತಾರೆ. ಈ ವಿಧಾನದ ಪೊರೆಯೂ ಹಾಗೆಯೇ ನೀರನ್ನು ಹತ್ತಿಸಿಕೊಳ್ಳದ ವಸ್ತುವಿನದು; ಸಾಮಾನ್ಯವಾಗಿ ಟೆಫ್ಲಾನ್ ಅಥವಾ ಪಾಲಿಪ್ರೊಪಿಲೀನ್. ಅದರ ರಂಧ್ರಗಳ ಅಗಲ ಹೆಚ್ಚಾಗಿ 0.1ರಿಂದ 1 ಮೈಕ್ರೊಮೀಟರ್. ಪೊರೆಯ ಒಂದು ಬದಿಯಲ್ಲಿ 50ರಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಉಪ್ಪುನೀರು, ಇನ್ನೊಂದು ಬದಿಯಲ್ಲಿ ತಣ್ಣನೆಯ ಶುದ್ಧ ನೀರು ಹರಿಯುವಾಗ, ಎರಡರ ಆವಿಯೊತ್ತಡದ ವ್ಯತ್ಯಾಸದಿಂದಾಗಿ ಆವಿ ಮಾತ್ರ ರಂಧ್ರಗಳನ್ನು ದಾಟಿ ಆಚೆ ನೀರಾಗುತ್ತದೆ, ಉಪ್ಪು ಈಚೆಯೇ ಉಳಿಯುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲ ನೀರಿಗೆ ಆರ್‌ಓ (ಒತ್ತಡದಿಂದ ನೀರನ್ನು ಪೊರೆಯ ಮೂಲಕ ತಳ್ಳಿ ಶುದ್ಧಗೊಳಿಸುವ) ಘಟಕದಲ್ಲಿ ವಾತಾವರಣದ ಐವತ್ತು, ಅರವತ್ತು ಪಟ್ಟು ಒತ್ತಡ ಬೇಕು. ಇಲ್ಲಿ ಅದು ಬೇಡ.

ವಿಕಿರಣಶೀಲ ತ್ಯಾಜ್ಯದಲ್ಲಿಯೂ ತತ್ತ್ವ ಇದೇ. ಸೀಸಿಯಂ, ಸ್ಟ್ರಾನ್ಷಿಯಂ, ಕೋಬಾಲ್ಟ್‌ಗಳ ಲವಣಗಳು ಈ ತಾಪದಲ್ಲಿ ಆವಿಯಾಗುವುದಿಲ್ಲವಾದ್ದರಿಂದ ಅವು ಸ್ವಲ್ಪವೇ ದ್ರವದಲ್ಲಿ ಸಾಂದ್ರಗೊಳ್ಳುತ್ತವೆ, ಅದನ್ನು ಸಿಮೆಂಟಿನಲ್ಲಿ ಗಟ್ಟಿಗೊಳಿಸಿ ಇಡಬಹುದು. ಆದರೆ ಜಲಜನಕದ ವಿಕಿರಣಶೀಲ ರೂಪವಾದ ಟ್ರಿಟಿಯಂ ನೀರಿನ ಅಣುವಿನಲ್ಲಿಯೇ ಸೇರಿಕೊಂಡಿರುವುದರಿಂದ ಆವಿಯೊಂದಿಗೇ ದಾಟಿಬಿಡುತ್ತದೆ. ಇದನ್ನು ಮರೆಮಾಚಿ ಈ ವಿಧಾನವನ್ನು ಹೊಗಳುವುದು ತಪ್ಪು.

ಸಾಬೂನು ಅಥವಾ ಎಣ್ಣೆಯಂಶ ಬೆರೆತರೆ ಪೊರೆ ಒದ್ದೆಯಾಗಿ ದ್ರವವೇ ನುಗ್ಗುತ್ತದೆ. ಒಂದು ಕಿಲೊ ನೀರನ್ನು ಆವಿಯಾಗಿಸಲು ಸುಮಾರು 2,300 ಕಿಲೊಜೂಲ್ ಶಾಖವೂ ಬೇಕು. ಹಾಗಾಗಿ ಕಾರ್ಖಾನೆಯ ವ್ಯರ್ಥ ಶಾಖವೋ ಬಿಸಿಲೋ ಸಿಗುವಲ್ಲಿ ಇದು ತಕ್ಕದ್ದು. ಬೇಸಿಗೆಯಲ್ಲಿ ಉಪ್ಪಾಗುವ ಮಲ್ಪೆ ಕಡೆಯ ಮನೆಬಾವಿಗೆ ನಾನಂತೂ ಸಣ್ಣ ಆರ್‌ಓ ಯಂತ್ರವನ್ನೇ ಸೂಚಿಸುತ್ತೇನೆ.